ಗೋಬರ್ ಗ್ಯಾಸ್ ಹಾಕಿಸಿದರೆ ಸಿಲಿಂಡರ್ ಬಿಡಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಮೂರು ಮಲೆನಾಡು ಗಿಡ್ಡ, ಒಂದು ಜರ್ಸಿ ಮಿಶ್ರತಳಿ ಹಸು ಇವೆ. 2 ಘನ ಮೀಟರಿನ (ದಿನಕ್ಕೆ ಅಷ್ಟು ಗ್ಯಾಸ್ ಕೊಡುವ) ಗೋಬರ್ ಗ್ಯಾಸ್ ಹಾಕಿಸಿ ಸಿಲಿಂಡರ್ ಬಿಡುವ ಯೋಚನೆಯಿದೆ. ಮಳೆಗಾಲದಲ್ಲಿ ಗ್ಯಾಸ್ ಬರುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: ಯೋಚನೆ ಒಳ್ಳೆಯದು. ದೇಶದಲ್ಲಿ ಉರಿಯುವ ಅಡುಗೆ ಅನಿಲದಲ್ಲಿ ಸುಮಾರು ಶೇ 60ರಷ್ಟು ಹೊರದೇಶದಿಂದ ಬರುತ್ತದೆ. ಕೊಟ್ಟಿಗೆಯಿರುವ ಮನೆಗೆ ಅದರ ಹಂಗು ಇಷ್ಟು ಬೇಕಿಲ್ಲ. ಆದರೆ ನಿಮಗೆ 2 ಘನ ಮೀಟರ್ ದೊಡ್ಡದಾಯಿತು. ಅದಕ್ಕೆ ದಿನಕ್ಕೆ 50 ಕೆಜಿ ಹಸಿ ಸಗಣಿ ಬೇಕು. ಹಗಲೆಲ್ಲ ಬ್ಯಾಣದಲ್ಲಿ ಮೇಯುವ ಗಿಡ್ಡದಿಂದ ಕೊಟ್ಟಿಗೆಯಲ್ಲಿ ಸಿಗುವುದು 3–4 ಕೆಜಿ, ಕಟ್ಟಿ ಮೇಯಿಸುವ ಜರ್ಸಿಯಿಂದ 12–15. ಎಲ್ಲ ಸೇರಿ 25ರ ಆಸುಪಾಸು. ಒಂದು ವಾರ ತೂಗಿ ನೋಡಿ. ಅಷ್ಟೇ ಇದ್ದರೆ 1 ಘನ ಮೀಟರಿನ ದೀನಬಂಧು ಮಾದರಿ (ನೆಲದೊಳಗೆ ಗುಮ್ಮಟದಂತೆ ಕಟ್ಟುವ ಗುಂಡಿ) ಸಾಕು. ಒಂದು ಒಲೆ ದಿನಕ್ಕೆ ಎರಡು ತಾಸು ಉರಿಯುತ್ತದೆ. ಬೇಸಿಗೆಯಲ್ಲಿ ತಿಂಗಳಿಗೆ ಹತ್ತಿರ ಹತ್ತಿರ ಒಂದು ಸಿಲಿಂಡರಿನಷ್ಟು. ಸ್ನಾನದ ನೀರು ಕಾಯಿಸಲು ಇದನ್ನು ಬಳಸಬೇಡಿ.

ಜಾಗ ಕೊಟ್ಟಿಗೆಯ ಪಕ್ಕದ ಎತ್ತರದಲ್ಲಿರಲಿ, ಬಾವಿಯಿಂದ 15 ಮೀಟರ್ ದೂರ. ತೋಟದ ತಗ್ಗಿನಲ್ಲಿ ಬೇಡವೇ ಬೇಡ: ಮಳೆಗಾಲದಲ್ಲಿ ಒರತೆ ಮೇಲೆ ಬಂದು ಖಾಲಿ ಗುಂಡಿಯನ್ನೇ ಎತ್ತಿಬಿಡುತ್ತದೆ. ಮೊದಲ ಸಲ ತುಂಬಲು ಸುಮಾರು ಒಂದು ಟನ್ ಸಗಣಿ, ಅಷ್ಟೇ ನೀರು ಬೇಕು. ಆಮೇಲೆ ದಿನವೂ ಸಮ ಪ್ರಮಾಣದಲ್ಲಿ ಕಲಸಿ ಹಾಕಿ. ಹುಲ್ಲು, ಅಡಿಕೆ ಸಿಪ್ಪೆ ಆರಿಸಿ ತೆಗೆಯಿರಿ; ಅವು ಕೊಳೆಯದೆ ತೇಲಿ ಮೇಲೆ ಕೆನೆಗಟ್ಟುತ್ತವೆ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ, ಹೊರಗೆ ಬಿಟ್ಟುಬಿಡಿ. ಸಿಲಿಂಡರಿನ ಒಲೆ ಇದಕ್ಕೆ ಆಗದು, ಅದರ ಜೆಟ್ಟಿನ ತೂತು ತೀರಾ ಸಣ್ಣದು.

ಮಳೆಗಾಲದ ಮಾತು ನಿಜ. ಗುಂಡಿಯ ಬಿಸಿ 20 ಡಿಗ್ರಿಗಿಂತ ಇಳಿದರೆ ಗ್ಯಾಸ್ ಬಹಳ ಕುಗ್ಗುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಚಳಿಗಿಂತ ಹೆಚ್ಚು ಕೆಡಿಸುವುದು ಸೂರಿನ ನೀರು. ಅದು ಸಗಣಿ ಹಾಕುವ ತೊಟ್ಟಿಗೆ ಬಿದ್ದು ಬಗ್ಗಡ (ನೀರಲ್ಲಿ ಕಲಸಿದ ಸಗಣಿ) ತೆಳ್ಳಗಾಗುತ್ತದೆ, ಜೀರ್ಣವಾಗದ ಸಗಣಿ ಹೊರಗೆ ಹೋಗುತ್ತದೆ. ತೊಟ್ಟಿಗೆ ಮುಚ್ಚಳ, ಸುತ್ತ ಒಂದು ಕಾಲುವೆ ಮಾಡಿ. ಗುಮ್ಮಟದ ಮೇಲೆ ಮಣ್ಣು ಹಾಕಿ ದರಗೆಲೆ ಹೊದಿಸಿ, ಸಗಣಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ. ಇಷ್ಟಾದರೂ ಜುಲೈ–ಆಗಸ್ಟಿಗೆ ಒಂದು ಸಿಲಿಂಡರ್ ಇಟ್ಟುಕೊಳ್ಳುವುದೇ ಸರಿ.

ಉರಿ ಹಳದಿಯಾಗಿ ತೊನೆದಾಡಿದರೆ ಪೈಪಿನಲ್ಲಿ ನೀರು ನಿಂತಿದೆ ಎಂದು ತಿಳಿಯಿರಿ. ಪೈಪು ಇಳಿಜಾರಾಗಿದ್ದು, ತಗ್ಗಿನಲ್ಲಿ ನಲ್ಲಿಯಿರಲಿ. ವಾರಕ್ಕೊಮ್ಮೆ ತೆರೆದು ನೀರು ಬಿಡಿ. ಯಾವ ಕಾರಣಕ್ಕೂ ಗುಂಡಿಯೊಳಗೆ ಇಳಿಯಬೇಡಿ, ಬಗ್ಗಡ ಖಾಲಿ ಮಾಡಿದ ಮೇಲೂ ವಿಷಗಾಳಿ ಒಳಗೇ ಉಳಿದಿರುತ್ತದೆ.