ಜರ್ಮನಿಯ ಇಂಗಾಲದ ಹೊರೆ ಫ್ರಾನ್ಸ್‌ಗಿಂತ ಹೆಚ್ಚೇಕೆ?

ಪ್ರಶ್ನೆ: ಫ್ರಾನ್ಸ್ ಮತ್ತು ಜರ್ಮನಿ ನೆರೆಹೊರೆಯ ಸಿರಿವಂತ ದೇಶಗಳು. ಗಾಳಿ, ಬಿಸಿಲಿನಿಂದ ವಿದ್ಯುತ್ ತಯಾರಿಸುವುದರಲ್ಲಿ ಜರ್ಮನಿಯೇ ಮುಂದಿದೆ. ಆದರೂ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಅಲ್ಲಿ ವರ್ಷಕ್ಕೆ ಸುಮಾರು 7 ಟನ್, ಫ್ರಾನ್ಸಿನಲ್ಲಿ 4 ಟನ್‌ ಆಸುಪಾಸು ಇರುವುದೇಕೆ?

ಉತ್ತರ: ಶುದ್ಧ ಇಂಧನದ ಪಾಲು ಎಷ್ಟಿದೆ ಎಂಬುದರ ಜೊತೆಗೆ, ಅದು ಪೂರೈಸದೆ ಉಳಿದ ಬೇಡಿಕೆಯನ್ನು ಏನನ್ನು ಉರಿಸಿ ತುಂಬಿಸುತ್ತಾರೆ ಎಂಬುದನ್ನೂ ನೋಡಬೇಕು. ಜರ್ಮನಿಯ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈಗ ನವೀಕರಿಸಬಹುದಾದ ಮೂಲಗಳದ್ದು. ಉಳಿದುದರ ಬಹುಭಾಗ ಅನಿಲ ಮತ್ತು ಕಲ್ಲಿದ್ದಲಿನದು, ಅದರಲ್ಲೂ ಲಿಗ್ನೈಟ್ ಎಂಬ ಕಳಪೆ ದರ್ಜೆಯ ಕಲ್ಲಿದ್ದಲಿನದು. ಫ್ರಾನ್ಸಿನಲ್ಲಾದರೋ ಸುಮಾರು ಮೂರನೇ ಎರಡು ಭಾಗ ಪರಮಾಣು ವಿದ್ಯುತ್ತು, ಮಿಕ್ಕಿದ್ದರಲ್ಲಿ ಹೆಚ್ಚಿನದು ಜಲ, ಪವನ ಮತ್ತು ಸೌರ ವಿದ್ಯುತ್ತು.

ಒಂದು ಯೂನಿಟ್ಟಿನ ಲೆಕ್ಕ ಹಾಕಿದರೆ ಅಂತರ ತಿಳಿಯುತ್ತದೆ. ಯೂನಿಟ್ ಎಂದರೆ ಒಂದು ಕಿಲೋವಾಟ್-ಗಂಟೆ, ಅಂದರೆ 3.6 ಮೆಗಾಜೌಲ್ ಶಕ್ತಿ. ಸ್ಥಾವರದ ದಕ್ಷತೆ ಶೇ 38 ಇದ್ದರೆ ಅಷ್ಟು ವಿದ್ಯುತ್ತಿಗೆ ಸುಮಾರು 9.5 ಮೆಗಾಜೌಲ್ ಶಾಖ ಬೇಕು; ಕಲ್ಲಿದ್ದಲು ಉರಿದಾಗ ಮೆಗಾಜೌಲಿಗೆ ಸುಮಾರು 95 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಯೂನಿಟ್ಟಿಗೆ 900 ಗ್ರಾಂ ಆಯಿತು. ಲಿಗ್ನೈಟ್ ಒಂದು ಕಿಲೋ ದಾಟುವುದೂ ಉಂಟು. ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನಿನಲ್ಲಿ ಒಂದು ಇಂಗಾಲದ ಪರಮಾಣುವಿಗೆ ನಾಲ್ಕು ಹೈಡ್ರೋಜನ್ ಪರಮಾಣುಗಳಿದ್ದು, ಶಾಖದ ದೊಡ್ಡ ಪಾಲು ಹೈಡ್ರೋಜನ್ ನೀರಾಗುವಾಗಲೇ ಸಿಗುತ್ತದೆ. ಹಾಗಾಗಿ ಅಲ್ಲಿ ಮೆಗಾಜೌಲಿಗೆ 56 ಗ್ರಾಂ ಮಾತ್ರ. ಟರ್ಬೈನಿನ ಬಿಸಿ ಹೊಗೆಯಿಂದ ಮತ್ತೆ ಹಬೆ ಎಬ್ಬಿಸುವ, ಶೇ 55ರಷ್ಟು ದಕ್ಷತೆಯ ಸ್ಥಾವರದಲ್ಲಿ ಅದು ಯೂನಿಟ್ಟಿಗೆ 370 ಗ್ರಾಂ ಆದೀತು. (ಬಾವಿ, ಕೊಳವೆಗಳಿಂದ ಮೀಥೇನ್ ಸೋರಿದರೆ ಈ ಲಾಭ ಬೇಗನೆ ಕರಗುತ್ತದೆ.) ಪರಮಾಣು ಮತ್ತು ಪವನ ವಿದ್ಯುತ್ತಿಗೆ, ಸ್ಥಾವರ ಕಟ್ಟುವುದರಿಂದ ಹಿಡಿದು ಎಲ್ಲವನ್ನೂ ಸೇರಿಸಿದರೂ, ಸುಮಾರು 12 ಗ್ರಾಂ ಎಂಬುದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2014ರ ವರದಿಯ ಅಂದಾಜು.

ಫ್ರಾನ್ಸ್ 1974ರಲ್ಲಿ ಪರಮಾಣು ಸ್ಥಾವರಗಳ ದೊಡ್ಡ ಯೋಜನೆಗೆ ಕೈಹಾಕಿದ್ದು ಹವಾಮಾನದ ಚಿಂತೆಯಿಂದಲ್ಲ, ಹಿಂದಿನ ವರ್ಷದ ತೈಲ ಬಿಕ್ಕಟ್ಟಿನ ಪೆಟ್ಟಿನಿಂದ. ಜರ್ಮನಿ ಜಪಾನಿನ ಫುಕುಶಿಮಾ ಪರಮಾಣು ಸ್ಥಾವರದ ದುರಂತದ ಬಳಿಕ 2011ರಲ್ಲಿ ಎಂಟು ರಿಯಾಕ್ಟರುಗಳನ್ನು ನಿಲ್ಲಿಸಿ, ಕೊನೆಯ ಮೂರನ್ನು 2023ರ ಏಪ್ರಿಲ್ 15ರಂದು ಮುಚ್ಚಿತು. ಸುರಕ್ಷತೆಯ ಆತಂಕ ಅಲಕ್ಷ್ಯ ಮಾಡುವಂಥದ್ದಲ್ಲ. ಆದರೆ ಇಂಗಾಲವೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಮೊದಲು ಮುಚ್ಚಬೇಕಾಗಿದ್ದದ್ದು ಲಿಗ್ನೈಟ್ ಸ್ಥಾವರಗಳನ್ನು ಎಂಬುದು ನನ್ನ ಅಭಿಪ್ರಾಯ.

ಗಾಳಿ, ಬಿಸಿಲಿನಲ್ಲಿ ಜರ್ಮನಿ ಮುಂದಿದೆ ಎನ್ನುವಾಗ ಸ್ಥಾಪಿತ ಸಾಮರ್ಥ್ಯದ, ಅಂದರೆ ಗರಿಷ್ಠ ಎಷ್ಟು ಉತ್ಪಾದಿಸಬಲ್ಲವು ಎಂಬುದರ, ಅಂಕಿಗಳನ್ನು ನೋಡಿ ಮೋಸಹೋಗಬಾರದು: ಜರ್ಮನಿಯ ಸೌರಫಲಕಗಳು ವರ್ಷದ ಸರಾಸರಿಯಲ್ಲಿ ತಮ್ಮ ಸಾಮರ್ಥ್ಯದ ಹತ್ತನೇ ಒಂದರಷ್ಟು ಮಾತ್ರ ಉತ್ಪಾದಿಸುತ್ತವೆ.

ಅಲ್ಲದೆ, ಜಗತ್ತಿನಲ್ಲಿ ಅಂತಿಮವಾಗಿ ಬಳಕೆಯಾಗುವ ಶಕ್ತಿಯಲ್ಲಿ ವಿದ್ಯುತ್ತಿನ ಪಾಲು ಐದರಲ್ಲೊಂದು ಮಾತ್ರ. ವಾಹನ, ಕಟ್ಟಡಗಳ ಶಾಖ, ಉಕ್ಕು, ಸಿಮೆಂಟುಗಳ ಹೊರಸೂಸುವಿಕೆ ಬೇರೆಯೇ ಇದೆ. ನಾರ್ವೆಯ ವಿದ್ಯುತ್ತು ಬಹುತೇಕ ಜಲಮೂಲದ್ದಾದರೂ, ಸಮುದ್ರದ ತೈಲ ವೇದಿಕೆಗಳಲ್ಲಿ ಯಂತ್ರಗಳನ್ನು ನಡೆಸಲು ಅನಿಲ ಉರಿಸುವುದೂ ಸೇರಿ, ಆ ದೇಶದ ತಲಾ ಹೊರಸೂಸುವಿಕೆ ಫ್ರಾನ್ಸಿನದಕ್ಕಿಂತ ಹೆಚ್ಚಾಗಿದೆ. ರಫ್ತಾದ ತೈಲ ಉರಿದಾಗ ಬರುವ ಇಂಗಾಲವಂತೂ ಕೊಂಡ ದೇಶದ ಖಾತೆಗೆ ಸೇರುತ್ತದೆ.