ಹೂವಿದ್ದರೂ ಚಿಟ್ಟೆ ನೆಲೆ ನಿಲ್ಲದೇಕೆ?

ಪ್ರಶ್ನೆ: ಸಿದ್ದಾಪುರದ ಬಳಿ ಕಾವೇರಿ ಹೊಳೆಯ ದಡದಲ್ಲಿ ನಮ್ಮ ಕಾಫಿ ತೋಟವಿದೆ. ಅಂಗಳದ ದಾಸವಾಳ, ಕೇಪಳದ ಹೂಗಳಿಗೆ ಕಪ್ಪು ಮತ್ತು ಹಳದಿ ಬಣ್ಣದ ದೊಡ್ಡ ಚಿಟ್ಟೆಗಳು ಬರುತ್ತವೆಯಾದರೂ ಅವುಗಳ ಮರಿಹುಳು ತೋಟದಲ್ಲಿ ಕಂಡಿಲ್ಲ. ಅವು ಇಲ್ಲಿಯೇ ನೆಲೆಸಲು ಏನು ಮಾಡಬೇಕು? ರಾತ್ರಿ ದೀಪಕ್ಕೆ ಬರುವ ದೊಡ್ಡ ಪತಂಗಗಳಿಗೆ ಆಹಾರ ಇಡಬಹುದೇ?

ಉತ್ತರ: ನಿಮ್ಮ ವರ್ಣನೆಯನ್ನು ನೋಡಿದರೆ ಅದು ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಇರಬೇಕು. ರೆಕ್ಕೆ ಬಿಚ್ಚಿದಾಗ ಇದರ ಅಗಲ 14ರಿಂದ 19 ಸೆಂಟಿಮೀಟರ್. ಹೂವು ಚಿಟ್ಟೆಯ ಹಸಿವನ್ನು ಮಾತ್ರ ನೀಗಿಸುತ್ತದೆ. ಮೊಟ್ಟೆಯಿಡಲು ಅದಕ್ಕೆ ಮರಿಹುಳು ತಿನ್ನಬಲ್ಲ ಗಿಡವೇ ಬೇಕು. ಬರ್ಡ್‌ವಿಂಗ್‌ನ ಮರಿಹುಳು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಂಧುಗಳನ್ನು ಬಿಟ್ಟು ಬೇರೆ ಎಲೆಯಲ್ಲಿ ಬೆಳೆಯುವುದಿಲ್ಲ. ಆ ಎಲೆಯ ವಿಷವನ್ನು ಮೈಯಲ್ಲಿ ಸಂಗ್ರಹಿಸಿಕೊಳ್ಳುವುದರಿಂದಲೇ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. (ಇದೇ ವಿಷ ಮನುಷ್ಯನ ಮೂತ್ರಪಿಂಡಗಳಿಗೆ ಹಾನಿಕರವಾದ್ದರಿಂದ, ಈ ಬಳ್ಳಿಯನ್ನು ನಾಟಿ ಔಷಧಿಯೆಂದು ಸೇವಿಸುವವರು ದಯವಿಟ್ಟು ನಿಲ್ಲಿಸಬೇಕು.) ತೋಟದ ಕಳೆ ಹೊಡೆಯುವಾಗ ಮೊದಲು ನಾಶವಾಗುವುದು ಬೇಲಿ ಮತ್ತು ತೋಡಿನ ಅಂಚಿನಲ್ಲಿ ಹಬ್ಬುವ ಇಂಥ ಬಳ್ಳಿಗಳೇ. ಆದ್ದರಿಂದ ಹೊಳೆಯ ಕಡೆಯ ಅಂಚಿನಲ್ಲಿ ಕೆಲವು ಅಡಿ ಅಗಲದ ಪಟ್ಟಿಯನ್ನು ಯಂತ್ರವಾಗಲಿ ಕಳೆನಾಶಕವಾಗಲಿ ಮುಟ್ಟದಂತೆ ಬಿಡಿ. ಬಳ್ಳಿ ಇಲ್ಲದಿದ್ದರೆ ಈಶ್ವರಿ ಬಳ್ಳಿಯ ಸಸಿಯನ್ನು ಅಲ್ಲಿ ನೆಡಿ.

ಉಳಿದ ಚಿಟ್ಟೆಗಳ ಅಗತ್ಯವೂ ಹೀಗೆಯೇ. ಕರಿಬೇವು, ನಿಂಬೆ, ಕಿತ್ತಳೆಯಲ್ಲಿ ಮಾರ್ಮನ್ ಚಿಟ್ಟೆಗಳು ಬೆಳೆಯುತ್ತವೆ. ನೆರಳು ಮರಗಳಿಂದ ನಾವು ಕಿತ್ತೆಸೆಯುವ ಬಂದಳಿಕೆ ಜೆಜೆಬೆಲ್ ಚಿಟ್ಟೆಯ ಮರಿಹುಳುವಿಗೆ ಆಹಾರ. ಮರಕ್ಕೆ ತೊಂದರೆಯಾಗುವಷ್ಟು ಬಂದಳಿಕೆಯನ್ನು ತೆಗೆಯಲೇಬೇಕು, ಆದರೆ ಬೇಲಿ ಬದಿಯ ಒಂದೆರಡು ಮರಗಳಲ್ಲಿ ಉಳಿಸಿದರೆ ನಷ್ಟವಿಲ್ಲ. ಹುಳು ಕಂಡೊಡನೆ ಔಷಧಿ ಸಿಂಪಡಿಸುವುದು ಸರಿಯಲ್ಲ. ಕಾಫಿಯನ್ನು ಹೆಚ್ಚು ಕಾಡುವ ಬಿಳಿ ಕಾಂಡಕೊರಕ, ಕಾಯಿಕೊರಕ ಎರಡೂ ದುಂಬಿಗಳು, ಚಿಟ್ಟೆಯ ಮರಿಗಳಲ್ಲ.

ಹೊಳೆದಂಡೆಯ ಒದ್ದೆ ಮರಳನ್ನೂ ಹಾಗೆಯೇ ಇರಗೊಡಿ. ಅಲ್ಲಿ ಗುಂಪುಗೂಡುವ ಚಿಟ್ಟೆಗಳಲ್ಲಿ ಹೆಚ್ಚಿನವು ಗಂಡು. ಹೀರಿದ ಲವಣಾಂಶವನ್ನು ಅವು ಮಿಲನದ ವೇಳೆ ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗಳಿಗೆ ನೆರವಾಗುತ್ತದೆ.

ಇನ್ನು ಪತಂಗಗಳ ವಿಚಾರ. ಅಟ್ಲಾಸ್ ಪತಂಗದಂಥ ದೊಡ್ಡವು ರೆಕ್ಕೆ ಬಂದ ಮೇಲೆ ಏನನ್ನೂ ತಿನ್ನಲಾರವು. ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲಿಯೇ ಕೆಲವು ದಿನ ಬದುಕಿ, ಜೊತೆಗಾರನನ್ನು ಹುಡುಕಿ, ಮೊಟ್ಟೆಯಿಟ್ಟು ಸಾಯುತ್ತವೆ. ಅಷ್ಟು ಕಡಿಮೆ ಆಯುಷ್ಯದ ಒಂದು ರಾತ್ರಿ ದೀಪದ ಸುತ್ತ ಕಳೆದುಹೋದರೂ ದೊಡ್ಡ ನಷ್ಟವೇ. ಅಂಗಳದ ಬಿಳಿ ಬಲ್ಬಿನ ಬದಲು ಮಂದ ಹಳದಿ ದೀಪ ಹಾಕಿ, ಬೆಳಕು ಕೆಳಕ್ಕೆ ಮಾತ್ರ ಬೀಳುವಂತೆ ಮರೆ ಮಾಡಿ, ಮಲಗುವಾಗ ಆರಿಸಿ. ಗೋಡೆಯಲ್ಲಿ ಪತಂಗ ಉಳಿದಿದ್ದರೆ, ಹಕ್ಕಿಗಳು ಏಳುವ ಮೊದಲೇ ಕಡ್ಡಿಯೊಂದರ ಮೇಲೆ ಹತ್ತಿಸಿಕೊಂಡು ನೆರಳಿನ ಪೊದೆಗೆ ಬಿಡಿ. ರೆಕ್ಕೆಯನ್ನು ಮಾತ್ರ ಬೆರಳಿನಿಂದ ಹಿಡಿಯಬೇಡಿ.