ಎಣಿಕೆ ತಪ್ಪುವುದು ಎಲ್ಲಿ? ವರ್ತನಾ ವಿಶ್ಲೇಷಣೆ ಓದುವವರ ಪ್ರಶ್ನೆಗಳು

ಪ್ರಶ್ನೆ: ಮನೋವಿಜ್ಞಾನದಲ್ಲಿ ಪದವಿ ಮುಗಿಸಿದ್ದೇನೆ. ವರ್ತನಾ ವಿಶ್ಲೇಷಣೆಯಲ್ಲಿ ಸ್ನಾತಕೋತ್ತರ ಪದವಿಗೆ ಸೇರುವ ಆಸೆ. ಓದಿದ್ದನ್ನೇ ಮತ್ತೆ ಓದಬೇಕಾಗುತ್ತದೆಯೇ?

ಉತ್ತರ: ಕೆಲವು ಹೆಸರುಗಳು, ಪದಗಳು ಮತ್ತೆ ಎದುರಾಗುತ್ತವೆ, ಕೆಲಸದ ರೀತಿ ಮಾತ್ರ ಬೇರೆ. ನೂರು ಜನರನ್ನು ಒಂದು ಸಲ ಅಳೆದು ಸರಾಸರಿ ತೆಗೆಯುವುದು ನಿಮಗೆ ರೂಢಿಯಾಗಿರುತ್ತದೆ. ಇಲ್ಲಿ ಒಬ್ಬರ ವರ್ತನೆಯನ್ನೇ ನೂರು ಸಲ ಅಳೆದು, ಸುತ್ತಲಿನ ಯಾವ ಬದಲಾವಣೆಗೆ ಅದು ಏರಿತು, ಯಾವುದಕ್ಕೆ ಇಳಿಯಿತು ಎಂದು ನೋಡುತ್ತೀರಿ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳೊಂದಿಗೆ ಆರಂಭಿಸಿದ ಪದ್ಧತಿ ಇದು. ಮನುಷ್ಯರ ದಿನನಿತ್ಯದ ತೊಡಕುಗಳಿಗೆ ಇದನ್ನು ಅನ್ವಯಿಸುವಾಗ ಇರಬೇಕಾದ ಏಳು ಲಕ್ಷಣಗಳನ್ನು ಬೇಯರ್, ವುಲ್ಫ್ ಮತ್ತು ರಿಸ್ಲಿ ಎಂಬ ಸಂಶೋಧಕರು 1968ರಲ್ಲಿ ಪಟ್ಟಿಮಾಡಿದರು. ಸೇರುವ ಮೊದಲೇ ಆ ಲೇಖನವನ್ನು ಓದಿಕೊಳ್ಳಿ.

ಅಮೆರಿಕದ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯದಂತೆ ಪ್ರತ್ಯೇಕ ವಿಭಾಗವೇ ಇರುವ ಕಡೆಗಳು ಕಡಿಮೆ. ಹೆಚ್ಚಾಗಿ ಇದು ಮನೋವಿಜ್ಞಾನ ಅಥವಾ ಶಿಕ್ಷಣ ವಿಭಾಗದೊಳಗೆ ಇರುತ್ತದೆ. ವಿಭಾಗದ ಹೆಸರಿಗಿಂತ ಕೇಳಿ ತಿಳಿಯಬೇಕಾದದ್ದು ಮೂರು: ಮೂಲ ಪ್ರಯೋಗಗಳ ಲ್ಯಾಬ್ ಇದೆಯೇ, ಕ್ಷೇತ್ರಕಾರ್ಯದಲ್ಲಿ ಮೇಲ್ವಿಚಾರಕರು ನಿಮ್ಮ ಕೆಲಸವನ್ನು ಕಣ್ಣಾರೆ ನೋಡುತ್ತಾರೆಯೇ, ಪ್ರಬಂಧಕ್ಕೆ ದತ್ತಾಂಶವನ್ನು ನೀವೇ ಸಂಗ್ರಹಿಸಬೇಕೇ. ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಧೈರ್ಯವಾಗಿ ಸೇರಿ.

ಪ್ರಶ್ನೆ: ವೀಕ್ಷಣಾ ಪ್ರಾಯೋಗಿಕದಲ್ಲಿ ನನಗೂ ಜೊತೆಗಾರ್ತಿಗೂ ಇರುವ ಒಪ್ಪಿಗೆ (ಇಬ್ಬರ ದಾಖಲೆಯೂ ಹೊಂದಿದ ಅವಧಿಗಳ ಪಾಲು) ಶೇ 62 ದಾಟುತ್ತಿಲ್ಲ. ನಾವು ಎಣಿಸುತ್ತಿರುವುದು 'ತರಗತಿಯಲ್ಲಿ ಗಮನ ಕೊಡದಿರುವುದು'. 10 ಸೆಕೆಂಡಿನ ಅವಧಿಯಲ್ಲಿ ಒಮ್ಮೆ ಕಂಡರೂ ಗುರುತು ಹಾಕುತ್ತೇವೆ. ಇನ್ನಷ್ಟು ಅಭ್ಯಾಸ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಅಭ್ಯಾಸದಿಂದ ಇದು ಸರಿಹೋಗುವುದಿಲ್ಲ, ಏಕೆಂದರೆ ತಪ್ಪು ವ್ಯಾಖ್ಯೆಯಲ್ಲೇ ಇದೆ. ಸತ್ತವನೂ ಮಾಡಬಲ್ಲದ್ದು ವರ್ತನೆಯಲ್ಲ ಎಂಬ ಹಳೆಯ ಪರೀಕ್ಷೆ ಈ ವಿಷಯದಲ್ಲಿದೆ. ಸ್ಕಿನ್ನರ್ ಅವರ ಶಿಷ್ಯ ಓಗ್ಡನ್ ಲಿಂಡ್ಸ್ಲಿ ಹೇಳಿಕೊಟ್ಟದ್ದು. ಗಮನ ಕೊಡದಿರುವುದನ್ನು ಸತ್ತವನೂ ಚೆನ್ನಾಗಿಯೇ ಮಾಡುತ್ತಾನೆ. ಹಾಗಾಗಿ ತಿರುವಿ ಬರೆಯಿರಿ: 'ಕಣ್ಣು ಪುಸ್ತಕ, ಫಲಕ ಅಥವಾ ಮಾತನಾಡುತ್ತಿರುವವರ ಕಡೆ ಇರುವುದು, ಸತತ 3 ಸೆಕೆಂಡು ಬೇರೆಡೆ ಹೊರಳಿದರೆ ಮುಗಿದಂತೆ'. ಇದರ ಕೆಳಗೆ ಗಡಿಯಲ್ಲಿರುವ ಉದಾಹರಣೆಗಳನ್ನು ಸೇರಿಸಿ. ಪೆನ್ಸಿಲ್ ಚೂಪು ಮಾಡುತ್ತಾ ಫಲಕ ನೋಡಿದರೆ ಲೆಕ್ಕಕ್ಕುಂಟು. ಕಣ್ಣು ಮುಚ್ಚಿದ್ದರೆ ಇಲ್ಲ. ಇಬ್ಬರು ಜಗಳವಾಡುವುದು ಯಾವಾಗಲೂ ಇಂಥ ಗಡಿಗಳಲ್ಲೇ. ಬರೆದದ್ದನ್ನು ನಿಮ್ಮ ಚರ್ಚೆಯನ್ನು ಕೇಳಿರದ ಮೂರನೆಯವರಿಗೆ ಕೊಡಿ. ಅವರು ಒಂದೂ ಪ್ರಶ್ನೆ ಕೇಳದೆ ಎಣಿಸಿದರೆ ವ್ಯಾಖ್ಯೆ ಗೆದ್ದಿತು.

ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು, ಹೊಂದದ ಅವಧಿಗಳಿಗೆ ಬಣ್ಣ ಹಚ್ಚಿ ನೋಡಿ. ಬಣ್ಣ ಹಾಳೆ ತುಂಬ ಚೆದುರಿದ್ದರೆ ವ್ಯಾಖ್ಯೆಯದೇ ದೋಷ. ಕೊನೆಯ ಭಾಗದಲ್ಲಿ ಗುಂಪುಗಟ್ಟಿದ್ದರೆ ದಣಿವು, ಅಥವಾ ಇಬ್ಬರಲ್ಲೊಬ್ಬರು ತಿಳಿಯದೆಯೇ ವ್ಯಾಖ್ಯೆಯನ್ನು ಸಡಿಲಿಸಿಕೊಂಡಿದ್ದಾರೆ. ಒಬ್ಬರ ಗುರುತುಗಳು ಇನ್ನೊಬ್ಬರದಕ್ಕಿಂತ ಒಂದೊಂದು ಮನೆ ಮುಂದಿದ್ದರೆ ಗಡಿಯಾರಗಳು ಹೊಂದುತ್ತಿಲ್ಲ. ಒಂದೇ ಧ್ವನಿಸಂಕೇತವನ್ನು ಇಬ್ಬರೂ ಇಯರ್‌ಫೋನಿನಲ್ಲಿ ಕೇಳಿ.

ಅಳೆಯುವ ವಿಧಾನವನ್ನೂ ಬದಲಿಸಿ. ಅವಧಿಯಲ್ಲಿ ಒಮ್ಮೆ ಕಂಡರೂ ಗುರುತು ಹಾಕಿದರೆ 1 ಸೆಕೆಂಡಿನ ನೋಟವೂ 10 ಸೆಕೆಂಡಾಗಿ ಉಬ್ಬುತ್ತದೆ. ಗಮನದಂತಹ ನಿರಂತರ ವರ್ತನೆಗೆ ಪ್ರತಿ ಅವಧಿಯ ಕೊನೆಯ ಕ್ಷಣದಲ್ಲಿ ಮಾತ್ರ ತಲೆ ಎತ್ತಿ ನೋಡುವ ಕ್ಷಣಮಾದರಿ ವಿಧಾನ ವಾಸಿ.

ಶೇ 80 ಒಪ್ಪಿಗೆಯನ್ನು ವಾಡಿಕೆಯಲ್ಲಿ ಕನಿಷ್ಠ ಎನ್ನುತ್ತಾರೆ, ಆದರೆ ಆ ಸಂಖ್ಯೆಯನ್ನು ಕುರುಡಾಗಿ ನಂಬಬೇಡಿ. ಅವಧಿಗಳು 60 ಎಂದಿಟ್ಟುಕೊಳ್ಳಿ. ಅಪರೂಪದ ವರ್ತನೆಯೊಂದನ್ನು ನೀವು 3 ಅವಧಿಗಳಲ್ಲಿ ಗುರುತಿಸಿದಿರಿ, ಜೊತೆಗಾರ್ತಿ ಬೇರೆಯೇ 3ರಲ್ಲಿ ಗುರುತಿಸಿದರು. ಹೊಂದದವು 6, ಹೊಂದಿದವು 54, ಒಪ್ಪಿಗೆ ಶೇ 90! ವರ್ತನೆ ನಡೆಯಿತೆಂದು ಇಬ್ಬರೂ ಒಪ್ಪಿದ ಅವಧಿ ಮಾತ್ರ ಒಂದೂ ಇಲ್ಲ. ಆದ್ದರಿಂದ ಅಪರೂಪದ ವರ್ತನೆಗೆ, ಒಬ್ಬರಾದರೂ ಗುರುತು ಹಾಕಿದ ಅವಧಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲಿ ಉತ್ತರ ಸೊನ್ನೆ. ಪದೇ ಪದೇ ನಡೆಯುವ ವರ್ತನೆಗೆ ಒಬ್ಬರಾದರೂ ಗುರುತು ಹಾಕದ ಅವಧಿಗಳನ್ನು ನೋಡಿ. ಎರಡನೆಯ ವೀಕ್ಷಕರು ಕನಿಷ್ಠ ಐದರಲ್ಲಿ ಒಂದು ಸೆಷನ್ನಿಗೆ, ಸಾಧ್ಯವಾದರೆ ಮೂರರಲ್ಲಿ ಒಂದಕ್ಕೆ ಇರಲಿ. ಪ್ರಯೋಗದ ಎಲ್ಲ ಹಂತಗಳಲ್ಲೂ ಇರಬೇಕು.

ಪ್ರಶ್ನೆ: ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ ಎಂದು ಬರೆದು ಅಂಕ ಕಳೆದುಕೊಂಡೆ. ಸುಲಭವಾಗಿ ನೆನಪಿಡುವುದು ಹೇಗೆ?

ಉತ್ತರ: ಎರಡೇ ಪ್ರಶ್ನೆ ಹಾಕಿಕೊಳ್ಳಿ. ವರ್ತನೆಯ ನಂತರ ಏನಾದರೂ ಸೇರಿತೇ, ತೊಲಗಿತೇ? ಮುಂದೆ ಆ ವರ್ತನೆ ಹೆಚ್ಚಿತೇ, ಕಡಿಮೆಯಾಯಿತೇ? ಧನ, ಋಣ ಎಂಬುದು ಮೊದಲನೆಯದರ ಉತ್ತರ. ಪುನರ್ಬಲನ, ಶಿಕ್ಷೆ ಎಂಬುದು ಎರಡನೆಯದರ ಉತ್ತರ. ಮಗು ಅಳುತ್ತದೆ, ತಾಯಿ ಆಟಿಕೆ ಕೊಡುತ್ತಾಳೆ, ಅಳು ನಿಲ್ಲುತ್ತದೆ. ಮುಂದೆ ಅಳುವುದೂ ಹೆಚ್ಚಿದರೆ, ಕೊಡುವುದೂ ಹೆಚ್ಚಿದರೆ, ಅಳುವುದಕ್ಕೆ ಧನಾತ್ಮಕ ಪುನರ್ಬಲನ ಸಿಕ್ಕಿದೆ, ಆಟಿಕೆ ಕೊಡುವುದಕ್ಕೆ ಋಣಾತ್ಮಕ. ಪರೀಕ್ಷೆಯಲ್ಲಿ ಯಾರ ಯಾವ ವರ್ತನೆ ಎಂದು ಮೊದಲು ಬರೆಯದವರೇ ಎಡವುವುದು. ವರ್ತನೆ ಹೆಚ್ಚದಿದ್ದರೆ, ನೀವು ಕೊಟ್ಟದ್ದು ಎಷ್ಟೇ ಪ್ರಿಯವಾಗಿದ್ದರೂ ಅದು ಪುನರ್ಬಲಕವಲ್ಲ.

ಪ್ರಶ್ನೆ: ಮಕ್ಕಳೊಂದಿಗೆ ಕೆಲಸ ಮಾಡಲು ಈ ವಿಷಯ ಆರಿಸಿಕೊಂಡೆ. ಇಲಿಗಳ ಲ್ಯಾಬಿನಲ್ಲಿ ವಾರಗಟ್ಟಲೆ ಏಕೆ ಕೂರಬೇಕು?

ಉತ್ತರ: ನಿಮ್ಮ ಸಮಯಪ್ರಜ್ಞೆಯ ತಪ್ಪು ಅಲ್ಲಿ ಬೇಗ ಬಯಲಾಗುತ್ತದೆ. ಮೊದಲು ಆಹಾರದ ತಟ್ಟೆಯ ಸದ್ದಿಗೆ ಇಲಿ ತಕ್ಷಣ ಬರುವಂತೆ ಮಾಡಿ. ನಂತರ ಸನ್ನೆಗೋಲಿನತ್ತ (ಒತ್ತಿದರೆ ಆಹಾರ ಬೀಳುವ ಕಡ್ಡಿ) ತಿರುಗುವುದು, ಹತ್ತಿರ ಹೋಗುವುದು, ಮುಟ್ಟುವುದು, ಒತ್ತುವುದು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಕಾಳು ಎರಡು ಮೂರು ಸೆಕೆಂಡು ತಡವಾಗಿ ಬಿದ್ದರೂ ನೀವು ಬಲಪಡಿಸಿದ್ದು ಸನ್ನೆಗೋಲು ಒತ್ತಿದ ನಂತರ ಮೂತಿ ತಿರುಗಿಸಿದ್ದನ್ನು. ಮೆಟ್ಟಿಲು ಎತ್ತರವಾದರೆ ಇಲಿ ಕೈಬಿಡುತ್ತದೆ; ಒಂದು ಮೆಟ್ಟಿಲು ಕೆಳಗಿಳಿದು, ಎರಡು ಮೂರು ಸಲ ಗೆಲ್ಲಿಸಿ, ಮತ್ತೆ ಏರಿ. ಆಹಾರ ನಿಲ್ಲಿಸಿದಾಗ ಒತ್ತುವುದು ಇಳಿಯುವ ಮೊದಲು ಕೆಲ ಹೊತ್ತು ಜೋರಾಗುವುದನ್ನೂ ಅಲ್ಲಿ ನೋಡಬಹುದು. ಮಗುವಿನ ಕಿರುಚಾಟಕ್ಕೆ ಗಮನ ಕೊಡುವುದನ್ನು ನಿಲ್ಲಿಸಿ ಎಂದು ನಾಳೆ ಪೋಷಕರಿಗೆ ಹೇಳುವವರು ನೀವು. ಮೊದಲಿಗೆ ಅದು ಹೆಚ್ಚಬಹುದು ಎಂದು ಮುನ್ನೆಚ್ಚರಿಕೆ ಕೊಡದಿದ್ದರೆ, ಅವರು ಜೋರಾದ ಘಳಿಗೆಯಲ್ಲೇ ಸೋಲುತ್ತಾರೆ. ಮಗು ಕಲಿಯುವುದು ಇನ್ನೂ ಜೋರಾಗಿ ಕಿರುಚುವುದನ್ನು.

ಪ್ರಶ್ನೆ: ಪ್ರಬಂಧಕ್ಕೆ ಓದಿನ ವೇಗ ಹೆಚ್ಚಿಸುವ ಕಾರ್ಯಕ್ರಮವನ್ನು ಒಬ್ಬ ವಿದ್ಯಾರ್ಥಿಯ ಮೇಲೆ ಎ-ಬಿ-ಎ-ಬಿ ವಿನ್ಯಾಸದಲ್ಲಿ (ಕಾರ್ಯಕ್ರಮವಿಲ್ಲದೆ, ಕೊಟ್ಟು, ತೆಗೆದು, ಮತ್ತೆ ಕೊಟ್ಟು ಅಳೆಯುವುದು) ಪರೀಕ್ಷಿಸಲು ಹೊರಟೆ. ಬೇಸ್‌ಲೈನ್‌ನ (ಕಾರ್ಯಕ್ರಮಕ್ಕೆ ಮುಂಚಿನ ಅಳತೆ) ಮೂರು ದಿನ ನಿಮಿಷಕ್ಕೆ 41, 44, 48 ಪದ. ಮಾರ್ಗದರ್ಶಕರು ತಡೆದರು. ಏಕಿರಬಹುದು?

ಉತ್ತರ: ಎರಡು ಕಾರಣಕ್ಕೆ. ಕಾರ್ಯಕ್ರಮ ಶುರುವಾಗುವ ಮೊದಲೇ ಗೆರೆ ಏರುತ್ತಿದೆ. ಮುಂದಿನ ಏರಿಕೆ ಯಾವುದರಿಂದ ಬಂತೆಂದು ಯಾರೂ ಹೇಳಲಾರರು. ಅದೇ ಪಾಠವನ್ನು ದಿನವೂ ಓದಿಸುತ್ತಿದ್ದರೆ ಏರುವುದು ಸಹಜ, ಹಾಗಾಗಿ ಸಮಾನ ಕಷ್ಟದ ಬೇರೆ ಬೇರೆ ಭಾಗಗಳನ್ನು ಕೊಡಿ. ಗೆರೆ ನಿಲ್ಲುವವರೆಗೆ ಕಾಯಿರಿ: 3 ಬಿಂದು ಕನಿಷ್ಠ, 5 ಉತ್ತಮ, ಏರಿಳಿತ ಜಾಸ್ತಿಯಿದ್ದರೆ ಇನ್ನೂ ಹೆಚ್ಚು.

ಎರಡನೆಯದು ಇನ್ನೂ ದೊಡ್ಡ ತೊಡಕು. ಎ-ಬಿ-ಎ-ಬಿಯಲ್ಲಿ ಕಾರ್ಯಕ್ರಮ ತೆಗೆದಾಗ ವರ್ತನೆ ಹಿಂದಕ್ಕೆ ಇಳಿಯಬೇಕು. ಕಲಿತ ಓದು ಹಾಗೆ ಇಳಿಯುವುದಿಲ್ಲ, ಇಳಿಯಲೆಂದು ಬಯಸುವುದೂ ತಪ್ಪು. ಇಲ್ಲಿಗೆ ಹೊಂದುವುದು ಬಹು ಬೇಸ್‌ಲೈನ್ ವಿನ್ಯಾಸ. ಒಂದೇ ಬಗೆಯ ತೊಂದರೆಯಿರುವ ಮೂವರನ್ನು ಆರಿಸಿ, ಬೇಸ್‌ಲೈನನ್ನು ಒಂದೇ ದಿನ ಆರಂಭಿಸಿ. ಮೊದಲನೆಯವರಿಗೆ ಕಾರ್ಯಕ್ರಮ ಕೊಟ್ಟು, ಅವರ ಗೆರೆ ಸ್ಪಷ್ಟವಾಗಿ ಏರಿ ಉಳಿದಿಬ್ಬರದು ಸಮತಟ್ಟಾಗಿದ್ದರೆ ಮಾತ್ರ ಎರಡನೆಯವರಿಗೆ ಕೊಡಿ; ಮೂರನೆಯವರಿಗೂ ಹಾಗೆಯೇ. ಮೂರು ಬೇರೆ ಬೇರೆ ಸಮಯದಲ್ಲಿ ಮೂರು ಏರಿಕೆ ಕಂಡರೆ ವಾದ ನಿಲ್ಲುತ್ತದೆ. ಎರಡನೆಯವರು ಕಾರ್ಯಕ್ರಮಕ್ಕೆ ಮೊದಲೇ ಏರಿದರೆ ಸೋರಿಕೆಯಾಗಿದೆ: ಒಂದೇ ತರಗತಿಯವರಾಗಿದ್ದು ಪರಸ್ಪರ ಹೇಳಿಕೊಡುತ್ತಿರಬಹುದು. ಮೂರನೆಯವರಿಗೆ ಉದ್ದನೆಯ ಬೇಸ್‌ಲೈನ್ ಬೇಸರ ತರುತ್ತದೆ, ಅವರನ್ನು ದಿನವೂ ಅಳೆಯದೆ ಆಗಾಗ ಅಳೆಯಿರಿ. ಕಾರ್ಯಕ್ರಮಕ್ಕೆ ಮುಂಚಿನ ಮೂರು ಸೆಷನ್ ಮಾತ್ರ ಸತತವಾಗಿರಲಿ.

ಗ್ರಾಫಿನಲ್ಲಿ ಹಂತ ಬದಲಾದ ಕಡೆ ಎಳೆಯುವ ಗೆರೆಯನ್ನು ದಾಟಿಸಿ ಬಿಂದುಗಳನ್ನು ಜೋಡಿಸಬೇಡಿ. ಯಾವಾಗ ಹಂತ ಬದಲಿಸುತ್ತೀರಿ ಎಂಬ ನಿಯಮವನ್ನು ಮೊದಲ ಸೆಷನ್ನಿಗೂ ಮುಂಚೆ ಬರೆದು ದಿನಾಂಕ ಹಾಕಿಡಿ. ಕಾರ್ಯಕ್ರಮದ ಪ್ರತಿ ಹೆಜ್ಜೆಗೂ ಒಂದು ತಪಶೀಲು ಪಟ್ಟಿ ಮಾಡಿ, ಬೇರೆಯವರಿಂದ ಗುರುತು ಹಾಕಿಸಿ. ಹತ್ತರಲ್ಲಿ ಆರು ಹೆಜ್ಜೆ ಮಾತ್ರ ನಡೆದಿದ್ದರೆ, ಗೆರೆ ಏರದಿದ್ದದ್ದಕ್ಕೆ ಕಾರ್ಯಕ್ರಮವನ್ನು ದೂರುವಂತಿಲ್ಲ.